ಒಂದೇ ಕೈಯ ಪೇಟಿ

ಅಣವೀರಪ್ಪನವರ ಬಲಗೈ ಮತ್ತೆ ತೊಡೆಯಿಂದ ಜಾರಿತು. ಕಮಲಾಪುರದಲ್ಲಿ ಅವರ ತಮ್ಮನ ಮನೆಯ ಪಡಸಾಲೆಯಲ್ಲಿ ಹೆಣವನ್ನು ಗೋಡೆಗೆ ಆನಿಸಿ ಕೂರಿಸುತ್ತಿದ್ದ ಮೌನೇಶ, ಆ ಕೈಯನ್ನು ಎತ್ತಿಡಲು ಬಾಗಿದ.

"ಇರ್ಲಿ ಬಿಡು," ಎಂದರು ಅಣವೀರಪ್ಪನವರ ಹೆಂಡತಿ ವಿದ್ಯಾವತಿ. "ಲಕ್ವಾ ಹೊಡದಾಗಿಂದ ಅದು ಅವರ ಮಾತು ಕೇಳಿಲ್ಲ."

ನಂದೂರಿನ ಬೇಳೆ ಮಿಲ್ಲಿನಲ್ಲಿ ಗುಮಾಸ್ತರಾಗಿದ್ದ ಅಣವೀರಪ್ಪ, ಸೋಮವಾರ ಬಂತೆಂದರೆ ಬಸ್ಸು ಹತ್ತಿ ಈ ಹುಟ್ಟೂರಿನ ಭಜನೆಗೆ ಬರುತ್ತಿದ್ದರು. ಹಾರ್ಮೋನಿಯಂ ಪೇಟಿ ನುಡಿಸಿ ಹಾಡು ಎತ್ತುವವರು ಅವರು. ತಾಳ ಹಾಕುವವನು ಮೌನೇಶ.

"ಕರೆಂಟಿನ ಪೇಟಿ ಕಲೀಲಾಕತ್ತಾರ ಅಂತ ಕೇಳಿದ್ದೆ ವೈನಿ. ಖರೇನು?" ಎಂದು ಮೌನೇಶ ವಿದ್ಯಾವತಿಯನ್ನು ಕೇಳಿದ.

"ಖರೇ."

"ಒಂದೇ ಕೈಲೆ ಏನ್ ಬಾರಿಸ್ತಿದ್ರು?"

ವಿದ್ಯಾವತಿ ಗಂಡನ ಹಣೆಯ ವಿಭೂತಿಯನ್ನು ಸರಿಮಾಡಿದರು.

*

ಲಕ್ವಾ ಬಲಗೈಯನ್ನೂ ಮಾತನ್ನೂ ಒಟ್ಟಿಗೇ ಕೊಂಡೊಯ್ದಿತ್ತು. ಹಳೆಯ ಪೇಟಿಗೆ ಗಾಳಿ ತುಂಬಲು ಒಂದು ಕೈ, ನುಡಿಸಲು ಇನ್ನೊಂದು ಕೈ ಬೇಕು. ಅದಕ್ಕೇ ಮಗಳು ಅಂಬಿಕಾ ಅಪ್ಪನ ಕುಸನೂರಿನ ಮನೆಗೆ ಕೀಬೋರ್ಡ್ ತಂದಳು. ಮದುವೆಗಳಲ್ಲಿ ನುಡಿಸುವ ಪಕ್ಕದ ಓಣಿಯ ಕಾಮ್ರಾನ್ ಅದನ್ನು ಮಂಚದ ಎದುರು ಇಟ್ಟ.

"ಎಡಗೈ ಸಾಕು ಕಾಕಾ. ತಾಳ ಹಚ್ಚೀನಿ. ಈ ಕಡಿ ಒಂದು ಕೀ ಒತ್ರಿ, ಬಸ್. ಢೋಲಕ್, ತಂತಿವಾದ್ಯ ಎಲ್ಲಾ ನಿಮ್ಮ ಹಿಂದ ಬರ್ತಾವ."

ಅಣವೀರಪ್ಪ ಒತ್ತಿದರು. ಪೆಟ್ಟಿಗೆ ಒಮ್ಮೆಲೇ ಮೊಳಗಿತು. ಬೆಚ್ಚಿ ಬೆರಳು ತೆಗೆದರೂ ಸದ್ದು ನಿಲ್ಲಲಿಲ್ಲ. ಇನ್ನೊಂದು ಕೀ ಒತ್ತಿದರೆ ತಂತಿಯ ಸ್ವರ ಅಲ್ಲಿಗೇ ಹಿಂಬಾಲಿಸಿತು.

ಆಮೇಲೆ ದಿನವಿಡೀ ಅದೇ. ಹಾಡಿನ ಧಾಟಿ ನುಡಿಸಬೇಕಾದದ್ದು ಬಲಗೈ. ಅದಿಲ್ಲದೆ ಬರೀ ಢೋಲಕ್ಕು, ತಂತಿ.

"ಯಾವ ಹಾಡ್ರೀ ಅದು?" ಎಂದು ನೆರೆಯವರು ಕೇಳಿದರೆ ವಿದ್ಯಾವತಿಗೆ ಅವಮಾನವಾಗುತ್ತಿತ್ತು.

"ಬಂದ್ ಮಾಡ್ರಿ. ಹಾಡಿಲ್ಲ, ಏನಿಲ್ಲ. ತಲಿ ನೋಯ್ಲಾಕತ್ತದ," ಎಂದು ಒಂದು ದಿನ ರೇಗಿದರು.

ಗಂಡ ನಿಲ್ಲಿಸಲಿಲ್ಲ. ಅವರತ್ತಲೇ ನೋಡುತ್ತ ತುಟಿ ಆಡಿಸಿದರು. ಬರೀ ಉಸಿರು ಬಂತು.

ಮಳೆಗಾಲ ಮುಗಿಯುವ ಹೊತ್ತಿಗೆ, ರೊಟ್ಟಿ ಬಡಿಯುತ್ತಿದ್ದ ವಿದ್ಯಾವತಿಯ ಬಾಯಿಗೆ ತಾನಾಗಿ ಒಂದು ಸಾಲು ಬಂತು. ಸಾಲು ತಿರುಗುವಲ್ಲಿ ಒಳಗಿನ ಕೀಬೋರ್ಡಿನ ಸ್ವರವೂ ತಿರುಗಿತು. ಗಂಡ ಇಷ್ಟು ದಿನ ನುಡಿಸುತ್ತಿದ್ದದ್ದು ಸೋಮವಾರದ ಭಜನೆ ಮುಗಿಸುವ ಹಾಡು. ಹೆಂಗಸರ ಸಾಲಿನಲ್ಲಿ ಕೂತು ಇಷ್ಟು ವರ್ಷ ಕೇಳಿದ್ದರೇ ಹೊರತು ವಿದ್ಯಾವತಿ ಎಂದೂ ದನಿ ಎತ್ತಿರಲಿಲ್ಲ.

ಹಿಟ್ಟಿನ ಕೈಯಲ್ಲೇ ಮಂಚದ ಬಳಿ ಬಂದು ಆ ಸಾಲನ್ನು ಮತ್ತೆ ಹಾಡಿದರು. ಅಣವೀರಪ್ಪನವರ ಕಣ್ಣುಗಳು ತುಂಬಿದವು.

*

ಇಳಿಹೊತ್ತಿಗೆ, ಎಡ ಅಂಗೈಯಲ್ಲಿ ಲಿಂಗ ಇಟ್ಟು ಅಣವೀರಪ್ಪನವರನ್ನು ಹೊಲದ ಬದುವಿನ ಕುಣಿಯಲ್ಲಿ ಕೂರಿಸಿದರು. ಭಜನೆಯವರು ತಾಳ ಹಿಡಿದು ಸುತ್ತ ನಿಂತರು. ಯಾರ ದನಿಯೂ ಏಳಲಿಲ್ಲ.

"ಎತ್ತಾವ್ರೇ ಹೋಗ್ಯಾರ," ಎಂದ ಮೌನೇಶ, ನೆಲ ನೋಡುತ್ತ. "ಈಗ ಯಾರು ಎತ್ತಬೇಕು?"

ಹೆಂಗಸರ ಗುಂಪಿನಿಂದ ವಿದ್ಯಾವತಿ ಮುಂದೆ ಬಂದರು. ತೆಳ್ಳಗಿನ ದನಿಯಲ್ಲಿ ಮೊದಲ ಸಾಲು ಹಾಡಿದರು. ಗಂಡಸರು ಬೆರಗಾಗಿ ತಾಳ ಹಾಕಿದರು. ಸಾಲು ಮುಗಿಯಿತು, ವಿದ್ಯಾವತಿ ಸುಮ್ಮನಾದರು. ತಾಳ ಒಂದು ಸುತ್ತು ಖಾಲಿ ಹೋಯಿತು.

"ಪಾಪ, ಮರತಾರ," ಎಂದರು ಯಾರೋ.

ಮುಂದಿನ ಪದ ಹೇಳಿಕೊಡಲು ಮೌನೇಶ ಬಾಗಿದ. ಅಂಬಿಕಾ ಅವನ ತೋಳು ಹಿಡಿದು ತಡೆದಳು. ಮನೆಯಲ್ಲಿ ಅವ್ವ ಹಾಡುವಾಗ ಮುಂದಿನ ಕೀಗೆ ಅಪ್ಪನ ಬೆರಳು ತಲುಪಲು ಇಷ್ಟು ಹೊತ್ತು ಬೇಕಾಗುತ್ತಿದ್ದುದು ಅವಳಿಗೆ ಗೊತ್ತಿತ್ತು.

ತಾಳ ಇನ್ನೊಂದು ಸುತ್ತು ತಿರುಗಿತು. ಕುಣಿಯೊಳಗಿನ ಎಡಗೈಯನ್ನೇ ನೋಡುತ್ತ ವಿದ್ಯಾವತಿ ಕಾಯುತ್ತಿದ್ದರು.