ನಾಲ್ಕನೆಯ ಮಾತು

ಈಸ್ಟರಿಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರದ ಸಂಜೆ, ಸಭೆಯ ಪಾದ್ರಿ ಪ್ರಭುದಾಸ ಅಯ್ಯನವರು ಕೃಷ್ಣಮೂರ್ತಿಪುರದ ದೇವಯ್ಯನ ಮನೆಗೆ ಬಂದದ್ದು ಒಂದೇ ಒಂದು ವಿಷಯ ಕೇಳುವುದಕ್ಕೆ. ಶುಭ ಶುಕ್ರವಾರದ ಮಧ್ಯಾಹ್ನ ಮೂರು ಗಂಟೆಗಳ ಕಾಲ ನಡೆಯುವ ಆರಾಧನೆಯಲ್ಲಿ, ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳ ಮೇಲೆ ಸಭೆಯ ಏಳು ಜನ ಒಬ್ಬರಾದ ಮೇಲೊಬ್ಬರು ಮಾತನಾಡುವುದು ಅವರ ದೇವಾಲಯದ ಪದ್ಧತಿ. ಆ ವರ್ಷ ಆರು ಮಾತಿಗೆ ಜನ ಸಿಕ್ಕಿದ್ದರು. ಉಳಿದದ್ದು ನಾಲ್ಕನೆಯದು. ದೇವರು ತನ್ನನ್ನೇಕೆ ಕೈಬಿಟ್ಟ ಎಂದು ಯೇಸು ಕೂಗಿ ಕೇಳಿದ ಮಾತು ಅದು.

"ಪ್ರತಿ ವರ್ಷ ಅದನ್ನ ನಾನೇ ಹೇಳ್ತಿದ್ದೆ," ಎಂದರು ಅಯ್ಯನವರು, ಬೆತ್ತದ ಕುರ್ಚಿಯಲ್ಲಿ ಕೂತು ಬೆವರು ಒರೆಸಿಕೊಳ್ಳುತ್ತ. "ಯಾರೂ ಮುಟ್ಟೋದಿಲ್ಲ ನೋಡಿ. ಮಿಕ್ಕವಕ್ಕೆಲ್ಲ ನಾ ಮುಂದು ತಾ ಮುಂದು. ಹೋದ ವರ್ಷ ಐದನೇ ಮಾತಿನವರು ಎಷ್ಟೊತ್ತು ಎಳೆದರು ಗೊತ್ತಲ್ಲ? ದಾಹವಾಗಿದೆ ಅನ್ನೋ ಮಾತು ಕೊನೆಗೆ ಇಡೀ ಸಭೆಗೇ ಅನ್ವಯವಾಯ್ತು."

ದೇವಯ್ಯ ನಕ್ಕ. ಆಮೇಲೆ ಅಯ್ಯನವರು ತನ್ನ ಮುಖವನ್ನೇ ನೋಡುತ್ತಿರುವುದನ್ನು ಕಂಡು ನಗು ನಿಲ್ಲಿಸಿದ.

"ಈ ವರ್ಷ ನೀವು ಹೇಳಬೇಕು, ದೇವಯ್ಯನವರೇ. ಅಷ್ಟು ದೊಡ್ಡ ದುಃಖ ಕಂಡಿದ್ದೀರಿ. ನೀವು ಎದ್ದು ನಿಂತು ಮಾತಾಡಿದರೆ ನಾಲ್ಕು ಜನಕ್ಕೆ ಧೈರ್ಯ ಬರುತ್ತೆ."

ದೇವಯ್ಯನ ಹೆಂಡತಿ ಸುಗುಣ ಕಾಫಿ ತಂದು ಅಯ್ಯನವರ ಮುಂದಿಟ್ಟಳು. "ಧೈರ್ಯ ಸಾಲದೆ ಬಂದಿರೋದು ಯಾರಿಗೆ, ಅಯ್ನೋರೇ?" ಎಂದಳು. ದನಿಯಲ್ಲಿ ಮರ್ಯಾದೆಗೇನೂ ಕೊರತೆ ಇರಲಿಲ್ಲ. ಅಯ್ಯನವರು ಲೋಟ ಎತ್ತಿಕೊಂಡು, ಕಾಫಿ ಚೆನ್ನಾಗಿದೆಯಮ್ಮ ಎಂದರು.

ದೇವಯ್ಯ, ಸುಗುಣರ ಮಗಳು ಎಸ್ತರ್ ತೀರಿಹೋಗಿ ಎಂಟು ತಿಂಗಳಾಗಿತ್ತು. ಐವತ್ತೇಳರ ಆಗಸ್ಟ್‌ನಲ್ಲಿ ಊರಲ್ಲಿ ಅಲ್ಲಲ್ಲಿ ಗಂಟಲುಮಾರಿ ಕಾಣಿಸಿಕೊಂಡಾಗ, ಆರು ವರ್ಷದ ಆ ಹುಡುಗಿಯ ಕೊರಳು ಊದಿಕೊಂಡಿತು. ದೇವಯ್ಯ ಒಂದು ಗಳಿಗೆಯನ್ನೂ ಕಳೆಯದೆ ಟಾಂಗಾ ಮಾಡಿ ಆಸ್ಪತ್ರೆಗೆ ಕರೆದುಕೊಂಡು ಹೋದ. ವೈದ್ಯರೂ ತಡಮಾಡಲಿಲ್ಲ. ಪಕ್ಕದ ಹಾಸಿಗೆಯಲ್ಲಿ ಅದೇ ಕಾಯಿಲೆಯ ಇನ್ನೊಂದು ಮಗುವಿತ್ತು. ಅವರದೇ ಸಭೆಯ ಮಂಗಳಮ್ಮನ ಮಗ. ಇಬ್ಬರಿಗೂ ಅದೇ ದಿನ, ಅದೇ ಪೆಟ್ಟಿಗೆಯ ಸೀರಮ್ ಚುಚ್ಚುಮದ್ದು ಕೊಟ್ಟರು. ಎರಡು ಹಾಸಿಗೆಗಳ ನಡುವೆ ಮಂಡಿಯೂರಿ ಅಯ್ಯನವರು ಇಬ್ಬರಿಗೂ ಸೇರಿಸಿ ಒಂದೇ ಪ್ರಾರ್ಥನೆ ಮಾಡಿದರು. ಮಂಗಳಮ್ಮನ ಮಗ ಎದ್ದು ಕೂತ. ಎಸ್ತರಳ ಹೃದಯ ನಿಂತುಹೋಯಿತು.

ಮಣ್ಣು ಮಾಡುವಾಗ ಅಯ್ಯನವರು, ದೇವರು ತನ್ನ ತೋಟಕ್ಕೆಂದು ಚೆಂದದ ಹೂವೊಂದನ್ನು ಬಿಡಿಸಿಕೊಂಡ ಎಂದಿದ್ದರು. ಎಳೆಯ ಮಕ್ಕಳನ್ನು ಹೂಳುವಾಗ ಎಲ್ಲ ಕಡೆಯೂ ಹೇಳುವ ಮಾತೇ ಅದು. ಅಂದಿನಿಂದ ಸುಗುಣ ಮನೆಗೆ ಹೂವು ತರಿಸಲಿಲ್ಲ. ಪಕ್ಕದ ಮನೆಯ ಸುಂದರಮ್ಮ ಹಿತ್ತಿಲಿನ ಮಲ್ಲಿಗೆ ಕಟ್ಟಿ ಕಳಿಸಿದರೆ, ಬೇಜಾರು ಮಾಡ್ಕೋಬೇಡಿ ಎಂದು ವಾಪಸು ಕೊಡುತ್ತಿದ್ದಳು. ಸುಂದರಮ್ಮ ಯಾವ ಜನ್ಮದ ಋಣವೋ ಕಣಮ್ಮ ಎಂದು ಕಣ್ಣೊರೆಸಿಕೊಂಡು, ಹೂವಿನ ಬದಲು ಸಾರು ಕಳಿಸತೊಡಗಿದರು. ಸಾರನ್ನು ಸುಗುಣ ಇಸಿದುಕೊಳ್ಳುತ್ತಿದ್ದಳು.

ಮಗಳು ಹೋದ ಮೂರನೆಯ ಭಾನುವಾರ ಮಂಗಳಮ್ಮ ಸಭೆಯ ಮುಂದೆ ಮಗನ ಕೈಹಿಡಿದು ನಿಂತು ಸಾಕ್ಷಿ ಹೇಳಿದಳು. "ನಮ್ಮ ಕಣ್ಣೀರಿನ ಪ್ರಾರ್ಥನೆಯನ್ನ ದೇವರು ಕೇಳಿದ," ಎಂದಳು. ಸಭೆಯೆಲ್ಲ ಆಮೆನ್ ಎಂದಿತು. ಸುಗುಣ ಸೆರಗು ಸರಿಮಾಡಿಕೊಂಡು ಎದ್ದು ಹೊರಗೆ ಹೋದಳು. ಆಮೇಲೆ ಅವಳು ದೇವಾಲಯದೊಳಕ್ಕೆ ಕಾಲಿಟ್ಟಿರಲಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ದೇವಯ್ಯ ನಾಲ್ಕನೆಯ ಮಾತನ್ನು ಒಪ್ಪಿಕೊಂಡ. ಒಪ್ಪಿಕೊಳ್ಳಲು ಅವನಿಗೆ ಅವನದೇ ಕಾರಣವಿತ್ತು. ಅವನು ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪ್ರಯೋಗ ಹೇಳಿಕೊಡುವ ಡೆಮಾನ್‌ಸ್ಟ್ರೇಟರ್. ಒಂದು ಪ್ರಶ್ನೆ ಇದ್ದಮೇಲೆ ಅದನ್ನು ಬಿಡಿಸಬೇಕು, ಬಿಡಿಸಿದ್ದನ್ನು ಇನ್ನೊಬ್ಬರಿಗೆ ತೋರಿಸಬೇಕು ಎನ್ನುವುದು ಅವನ ಸ್ವಭಾವ. ಒಳ್ಳೆಯವನೂ ಸರ್ವಶಕ್ತನೂ ಆದ ದೇವರು ಇಂಥದ್ದಕ್ಕೆ ಏಕೆ ಎಡೆಕೊಟ್ಟ ಎಂಬುದನ್ನು ತಾನು ಸರಿಯಾಗಿ ಬಿಡಿಸಿ ಹೇಳಿದರೆ ಸುಗುಣ ಮತ್ತೆ ತನ್ನ ಪಕ್ಕದಲ್ಲಿ ಬಂದು ಕೂರುತ್ತಾಳೆ ಎಂದು ಅವನು ನಂಬಿದ್ದ. ಅವಳಿಲ್ಲದ ಆ ಬೆಂಚಿನಲ್ಲಿ ಏಳು ತಿಂಗಳು ಕೂತು ಅವನಿಗೆ ಸಾಕಾಗಿತ್ತು.

ಆ ವಾರ ಕಾಲೇಜಿನಲ್ಲಿ ಪ್ರಾಯೋಗಿಕ ಪರೀಕ್ಷೆಗಳು. ಹಗಲೆಲ್ಲ ಬ್ಯುರೆಟ್ಟು ಎಂಬ ಅಳತೆಯ ಗಾಜಿನ ಕೊಳವೆಗಳ ನಡುವೆ ಓಡಾಡಿ, ಸಂಜೆ ಮನೆಗೆ ಬಂದು ಬರೆಯಲು ಕೂರುತ್ತಿದ್ದ. ಬರಹ ಸರಾಗವಾಗಿ ಬಂತು. ಪ್ರಪಂಚಕ್ಕೆ ಸ್ಥಿರವಾದ ನಿಯಮಗಳಿವೆ. ಅನ್ನ ಬೇಯಿಸುವ ಬೆಂಕಿಯೇ ಕೈಯನ್ನೂ ಸುಡುತ್ತದೆ. ನಮಗೆ ಪ್ರಿಯರಾದವರು ಹತ್ತಿರ ಬಂದಾಗಲೆಲ್ಲ ವಿಷ ತನ್ನ ಗುಣ ಬಿಟ್ಟುಕೊಡುವ ಹಾಗಿದ್ದರೆ, ಯಾವ ಔಷಧಿಯನ್ನೂ ಯಾರೂ ಕಂಡುಹಿಡಿಯಲು ಆಗುತ್ತಿರಲಿಲ್ಲ. ಅಷ್ಟೇ ಅಲ್ಲ, ಯಾರೂ ಯಾರನ್ನೂ ನೋಯಿಸಲಾರದ ಪ್ರಪಂಚದಲ್ಲಿ ಯಾರೂ ಯಾರನ್ನೂ ಪ್ರೀತಿಸಲೂ ಆರರು; ದೇವರಿಗೆ ಬೇಕಾದದ್ದು ಗೊಂಬೆಗಳಲ್ಲ, ಮಕ್ಕಳು. ಇಲ್ಲಿಯವರೆಗೂ ಅವನಿಗೆ ತಾನು ಬರೆದದ್ದರಲ್ಲಿ ಸಂಶಯವಿರಲಿಲ್ಲ. ಆಮೇಲಿನ ಭಾಗಕ್ಕೆ ಬಂದಾಗ ಪೆನ್ನು ಸ್ವಲ್ಪ ಹೊತ್ತು ನಿಂತಿತು. ಉಪನ್ಯಾಸಕ್ಕೆ ಒಂದು ಮುಕ್ತಾಯ ಬೇಕಲ್ಲ. ನೋವು ನಮ್ಮನ್ನು ಪುಟಕ್ಕಿಟ್ಟು ಶುದ್ಧಮಾಡುತ್ತದೆ ಎಂದು ಬರೆದ. ಮಗಳನ್ನು ಕಳೆದುಕೊಂಡ ಮೇಲೆ ನಮ್ಮ ಮನೆಯಲ್ಲಿ ನಂಬಿಕೆ ಇನ್ನಷ್ಟು ಗಟ್ಟಿಯಾಯಿತು ಎಂದೂ ಬರೆದು ಮುಗಿಸಿದ.

ಗುರುವಾರ ಮಧ್ಯಾಹ್ನ ಕಾಲೇಜಿನಿಂದ ಬೇಗ ಬಂದವನು, ಅಕ್ಕಿ ಆರಿಸುತ್ತ ಕೂತಿದ್ದ ಸುಗುಣಳ ಎದುರು ಕುರ್ಚಿ ಎಳೆದುಕೊಂಡು ಅದಷ್ಟನ್ನೂ ಓದಿದ. ಅವಳು ಮೊರದಿಂದ ಕಣ್ಣೆತ್ತಲಿಲ್ಲ. ಕೊನೆಯ ವಾಕ್ಯಕ್ಕೆ ಮಾತ್ರ ಅವಳ ಕೈ ನಿಂತಿತು.

"ಯಾರ ಮನೇಲಿ ರೀ?"

"ಏನು?"

"ನಂಬಿಕೆ ಗಟ್ಟಿಯಾಗಿದ್ದು. ಯಾರ ಮನೇಲಿ? ನಮ್ಮ ಮನೇಲಂತೂ ಆಗಿಲ್ಲ. ನಾನು ದೇವಾಲಯದ ಬಾಗಿಲು ತುಳಿದಿಲ್ಲ. ಊಟಕ್ಕೆ ಮುಂಚೆ ಪ್ರಾರ್ಥನೆ ಮಾಡ್ತೀರಲ್ಲ, ನಿಮ್ಮ ತುಟಿ ಮಾತ್ರ ಅಲ್ಲಾಡುತ್ತೆ. ನಾನು ನೋಡಿಲ್ಲ ಅಂದ್ಕೊಂಡ್ರಾ?"

ದೇವಯ್ಯ ಹಾಳೆಗಳನ್ನು ತೊಡೆಯ ಮೇಲಿಟ್ಟುಕೊಂಡ. "ಮೊದಲ ಭಾಗ ಸರಿಯಾಗಿದೆಯಲ್ಲ?"

"ಸರಿಯಾಗಿರಬಹುದು. ಬೆಂಕಿ ಸುಡುತ್ತೆ, ಒಪ್ಪಿದೆ. ಆದ್ರೆ ಎರಡು ಹಾಸಿಗೆ ಇತ್ತಲ್ಲ? ಒಂದೇ ಸೀರಮ್ಮು, ಒಂದೇ ಪ್ರಾರ್ಥನೆ. ಅದೆಲ್ಲಿದೆ ಇದರಲ್ಲಿ? ಅದನ್ನ ಯಾಕೆ ಬಿಟ್ಬುಟ್ರಿ?"

ದೇವಯ್ಯ ಹಾಳೆಗಳನ್ನು ಒಟ್ಟುಮಾಡಿದ. ಬಿಟ್ಟದ್ದು ಮರೆತು ಅಲ್ಲ. ಅದನ್ನು ಸೇರಿಸಿದರೆ ಮುಕ್ತಾಯ ಕೂಡುತ್ತಿರಲಿಲ್ಲ.

"ಪ್ರತಿ ವರ್ಷ ಪರೀಕ್ಷೆ ಟೈಮಲ್ಲಿ ಬೈಕೊಂಡು ಬರ್ತೀರ," ಎಂದಳು ಸುಗುಣ, ಒಂದು ಕಲ್ಲು ಆರಿಸಿ ಆಚೆಗಿಡುತ್ತ. "ಹುಡುಗ್ರು ಉತ್ತರ ಮೊದಲೇ ತಿಳ್ಕೊಂಡು, ಅದಕ್ಕೆ ಸರಿಹೋಗೋ ಹಂಗೆ ರೀಡಿಂಗ್ ಬೇಯಿಸ್ತಾರೆ, ಕಾಣದೆ ಇರೋ ಅಂಕಿ ಬರೀತಾರೆ ಅಂತ. ನೀವು ಮಾಡಿರೋದು ಬೇರೆ ಏನ್ರೀ?"

ದೇವಯ್ಯನಿಗೆ ಕಪಾಳಕ್ಕೆ ಹೊಡೆದಂತಾಯಿತು. ಅಂದು ಬೆಳಿಗ್ಗೆ ತಾನೇ ಒಂದು ಉತ್ತರಪತ್ರಿಕೆಯ ಮೇಲೆ ಕೆಂಪು ಗೆರೆ ಎಳೆದು ಬಂದಿದ್ದ. ಅಂಕಿಗಳು ಅಷ್ಟು ಚೊಕ್ಕವಾಗಿ ಬರುವುದು ಯಾವ ಬ್ಯುರೆಟ್ಟಿನಿಂದಲೂ ಸಾಧ್ಯವಿರಲಿಲ್ಲ. ಕಂಡದ್ದನ್ನು ಬರಿ, ನಿನಗೆ ಏನು ಬೇಕು ಅಂತ ಯಾರೂ ಕೇಳಿಲ್ಲ ಎಂದು ವರ್ಷವಿಡೀ ತರಗತಿಯಲ್ಲಿ ಕೂಗುತ್ತಿದ್ದವನು ಅವನು.

"ನಾಳೆ ನಾನೂ ಬರ್ತೀನಿ," ಎಂದಳು ಅವಳು. ಅವನು ತಟ್ಟನೆ ತಲೆಯೆತ್ತಿದ. "ಕಡೇ ಬೆಂಚಲ್ಲಿ ಕೂತ್ಕೋತೀನಿ. ಆ ಕೊನೇ ಹಾಳೆ ಓದಿದ್ರೆ ಎದ್ದು ಹೋಗ್ತೀನಿ. ಆಮೇಲೆ ಯಾವತ್ತೂ ಕರೀಬೇಡಿ."

ಶುಕ್ರವಾರ ಗಂಟೆ ಬಾರಿಸಲಿಲ್ಲ. ಆ ದಿನ ಬಾರಿಸುವುದಿಲ್ಲ. ಬಿಳಿ ಸೀರೆ ಉಟ್ಟ ಹೆಂಗಸರು, ಉಪವಾಸದಿಂದ ಬಾಡಿದ ಗಂಡಸರು ಒಬ್ಬೊಬ್ಬರಾಗಿ ಬಂದು ಕೂತರು. ಏಪ್ರಿಲ್ ಬಿಸಿಲಿಗೆ ಹೆಂಚು ಕಾದು ಒಳಗೆಲ್ಲ ಧಗೆ. ಸುಗುಣ ಹೇಳಿದಂತೆ ಕೊನೆಯ ಬೆಂಚಿನಲ್ಲಿ, ಬಾಗಿಲ ಪಕ್ಕಕ್ಕೇ ಕೂತಳು. ಅವಳನ್ನು ಕಂಡು ಎರಡು ಬೆಂಚು ಮುಂದೆ ಕೂತಿದ್ದ ಮಂಗಳಮ್ಮ ತಲೆ ತಗ್ಗಿಸಿದಳು.

ಮೂರನೆಯ ಮಾತು ಮುಗಿದು ಕೀರ್ತನೆ ಮುಗಿಯಿತು. ದೇವಯ್ಯ ಮುಂದೆ ಹೋಗಿ ಹಾಳೆಗಳನ್ನು ಬಿಡಿಸಿದ. ನಿಯಮಗಳ ಬಗ್ಗೆ, ಬೆಂಕಿಯ ಬಗ್ಗೆ ಬರೆದದ್ದನ್ನು ಓದಿದ. ತಲೆದೂಗುವವರು ತಲೆದೂಗಿದರು. ಕೊನೆಯ ಹಾಳೆ ಕೈಗೆ ಬಂದಾಗ ಅವನು ಬಾಗಿಲ ಕಡೆ ನೋಡಲಿಲ್ಲ. ನೋಡಿದರೆ ಅವಳಿಗಾಗಿ ಮಾತನಾಡಿದಂತಾಗುತ್ತದೆ, ಅದೂ ಒಂದು ಬಗೆಯ ರೀಡಿಂಗ್ ಬೇಯಿಸುವಿಕೆಯೇ ಎಂದು ಅನಿಸಿತು. ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡ.

"ಇಲ್ಲಿವರೆಗೆ ಓದಿದ್ದು ನಿಜ ಅಂತ ನಂಬಿದ್ದೀನಿ," ಎಂದ. "ಆದರೆ ಅಷ್ಟು ಸಾಲೋದಿಲ್ಲ. ಆಸ್ಪತ್ರೆಯಲ್ಲಿ ಎರಡು ಹಾಸಿಗೆ ಇತ್ತು. ನಿಮಗೆಲ್ಲ ಗೊತ್ತು. ಒಂದೇ ಕಾಯಿಲೆ, ಒಂದೇ ಔಷಧಿ, ಒಂದೇ ಪ್ರಾರ್ಥನೆ. ಒಂದು ಮಗು ಮನೆಗೆ ಬಂತು, ಇನ್ನೊಂದು ಬರಲಿಲ್ಲ. ಯಾಕೆ ಅಂತ ನನಗೆ ಗೊತ್ತಿಲ್ಲ. ಗೊತ್ತಿದೆ ಅಂತ ಮೊನ್ನೆ ಬರೆದಿದ್ದೆ. ಅದು ಸುಳ್ಳು. ಮಗಳು ಹೋದದ್ದರಿಂದ ನಮಗೆ ಒಳ್ಳೇದಾಯ್ತು ಅಂತಲೂ ಬರೆದಿದ್ದೆ. ಅದೂ ಸುಳ್ಳು."

ಬೆಂಚುಗಳಲ್ಲಿ ಸಣ್ಣ ಗುಜುಗುಜು ಎದ್ದಿತು. ಯಾರೋ ಕೆಮ್ಮಿದರು. ಅಯ್ಯನವರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಕೂತರು.

"ನಾನು ಪಾಠ ಹೇಳೋನು. ಲೆಕ್ಕಕ್ಕೆ ಕೂಡದ ಅಂಕಿಯನ್ನ ಹುಡುಗರು ಅಳಿಸಿಬಿಡ್ತಾರೆ. ಅಳಿಸಿದ ಜಾಗ ನೋಡಿದ ಕೂಡಲೇ ನನಗೆ ತಿಳಿಯುತ್ತೆ. ಯೇಸುವಿನ ಕತೆ ಬರೆದವರೂ ಈ ನಾಲ್ಕನೇ ಮಾತನ್ನ ಅಳಿಸಬಹುದಾಗಿತ್ತು. ಇವನೇ ದೇವರ ಮಗ ಅಂತ ಊರೂರಿಗೆ ಸಾರೋದಕ್ಕೆ ಹೊರಟವರು. ಅಂಥವರಿಗೆ, ಆ ಮಗನೇ ದೇವರು ಕೈಬಿಟ್ಟ ಅಂತ ಕೂಗಿದ್ದು ಎಷ್ಟು ಅಡ್ಡಿ ನೋಡಿ. ಆದರೂ ಅಳಿಸಲಿಲ್ಲ. ಕಿವಿಗೆ ಬಿದ್ದದ್ದನ್ನ ಬಿದ್ದ ಹಾಗೇ ಬರೆದಿಟ್ಟರು. ಅದಕ್ಕೇ ಅವರು ಬರೆದ ಮಿಕ್ಕದ್ದನ್ನೂ ನಂಬೋದಕ್ಕೆ ನನಗೆ ಆಗುತ್ತೆ."

ದೇವಯ್ಯ ಉಳಿದ ಹಾಳೆಗಳನ್ನೂ ಮಡಚಿದ. ಮುಂದಿನದನ್ನು ಅವನು ಮೊದಲೇ ಯೋಚಿಸಿಕೊಂಡೂ ಇರಲಿಲ್ಲ.

"ಆ ಕೂಗಿಗೆ ಅವತ್ತು ಮೇಲಿಂದ ಉತ್ತರ ಬರಲಿಲ್ಲ. ಕತ್ತಲೆ ಮಾತ್ರ ಇತ್ತು. ಮೂರನೇ ದಿನ ಬಂದದ್ದೂ ವಿವರಣೆ ಅಲ್ಲ; ಸತ್ತಿದ್ದ ಅವನೇ ಎದ್ದು ಬಂದ, ಗಾಯದ ಸಮೇತ. ನಮ್ಮ ಎಸ್ತರ್ ಯಾಕೆ ಹೋದಳು ಅಂತ ದೇವರು ನನಗೆ ಹೇಳಿಲ್ಲ. ಆದರೆ ಇಷ್ಟು ಗೊತ್ತು. ಈ ಪ್ರಶ್ನೆ ಕೇಳುವಾಗ ನಾವು ದೇವರಿಗೆ ಎದುರಾಗಿ ನಿಂತಿಲ್ಲ. ಅವನೂ ಇದೇ ಜಾಗದಲ್ಲಿ ನಿಂತು ಇದನ್ನೇ ಕೇಳಿದ್ದಾನೆ. ಕೇಳೋರನ್ನ ಯಾರೂ ಇಲ್ಲಿಂದ ಎಬ್ಬಿಸಿ ಕಳಿಸಬೇಡಿ. ಆಮೆನ್."

ಯಾರೂ ತಿರುಗಿ ಆಮೆನ್ ಹೇಳಲಿಲ್ಲ. ಕೀರ್ತನೆ ಶುರುಮಾಡಬೇಕಾಗಿದ್ದವರು ಮರೆತು ಕೂತಿದ್ದರು. ಅಯ್ಯನವರೇ ಎದ್ದು ಮೊದಲ ಸಾಲು ಎತ್ತಿಕೊಟ್ಟರು. ಅವರ ಶ್ರುತಿ ತಪ್ಪಿತ್ತು. ದೇವಯ್ಯ ತನ್ನ ಬೆಂಚಿಗೆ ಹಿಂದಿರುಗುವಾಗ ಬಾಗಿಲ ಕಡೆ ನೋಡಿದ. ಸುಗುಣ ಕೂತಲ್ಲೇ ಕೂತಿದ್ದಳು. ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು.

ಮೂರು ಗಂಟೆಗೆ ಆರಾಧನೆ ಮುಗಿದ ಮೇಲೆ ಹೊರಗೆ ಬೇವಿನ ಮರದಡಿ ಗಂಜಿ ಬಡಿಸುವುದು ವಾಡಿಕೆ. ಅಲ್ಲಿ ಅಯ್ಯನವರು ದೇವಯ್ಯನ ಭುಜದ ಮೇಲೆ ಕೈಯಿಟ್ಟು, "ಧೈರ್ಯ ಕೊಡಿ ಅಂದ್ರೆ ನನಗೇ ನಡುಕ ಹುಟ್ಟಿಸಿದಿರಲ್ಲ," ಎಂದರು. ಆಮೇಲೆ ತಗ್ಗಿದ ದನಿಯಲ್ಲಿ, "ಆ ಹೂವಿನ ಮಾತು ಇನ್ನು ಯಾರ ಮಗುವಿಗೂ ನಾನು ಹೇಳಲ್ಲ," ಎಂದು ಸೇರಿಸಿ, ಬೇರೆ ಕಡೆ ನೋಡಿದರು.

ಗಂಜಿಯ ಲೋಟ ಹಿಡಿದು ಗೋಡೆಯ ನೆರಳಿಗೆ ನಿಂತಿದ್ದ ಸುಗುಣಳ ಹತ್ತಿರ ಮಂಗಳಮ್ಮ ಬಂದಳು.

"ಅಕ್ಕ, ಅವತ್ತು ನಾನು ಸಾಕ್ಷಿ ಹೇಳಬಾರದಿತ್ತು. ನೀವು ಅಲ್ಲೇ ಕೂತಿದ್ರಿ. ನಂಗೆ ಹೊಳೀಲೇ ಇಲ್ಲ."

ಸುಗುಣ ಅವಳನ್ನು ನೋಡಿದಳು.

"ಮಗ ಬದುಕಿದ್ದಕ್ಕೆ ಸುಮ್ನಿರು ಅಂತ ನಾನು ಹೇಳಕ್ಕಾಗುತ್ತಾ ಮಂಗಳ?" ಎಂದಳು ಸುಗುಣ. "ಹೇಳ್ಕೋ. ನಂಗೆ ಕೇಳಿಸ್ಕೊಳ್ಳೋದು ಕಷ್ಟ ಆಗುತ್ತೆ, ಅಷ್ಟೇ. ಒಂದೊಂದು ಸಲ ಎದ್ದು ಹೋಗ್ತೀನಿ. ಬೇಜಾರು ಮಾಡ್ಕೋಬೇಡ." ಗಂಜಿ ಗುಟುಕರಿಸಿ, "ಉಪ್ಪು ಮರೆತಿದ್ದಾರೆ ಕಣೇ," ಎಂದಳು. ಮಂಗಳಮ್ಮ ಅಳುತ್ತಲೇ ಉಪ್ಪು ತರಲು ಹೋದಳು.

ಬಿಸಿಲು ಇಳಿಯುವ ಹೊತ್ತಿಗೆ ಇಬ್ಬರೂ ಮನೆಯ ಕಡೆ ನಡೆದರು.

"ನಾನು ಕೇಳೋದು ಬಿಡಲ್ಲ ರೀ," ಎಂದಳು ಸುಗುಣ. "ಸಾಯೋವರೆಗೂ ಅವನನ್ನ ಕೇಳ್ತಾನೇ ಇರ್ತೀನಿ."

"ಬಿಡಬೇಡ."

"ಭಾನುವಾರ ಮಗು ಸಮಾಧಿ ಹತ್ರ ಈಸ್ಟರ್ ಆರಾಧನೆ ಎಷ್ಟೊತ್ತಿಗೆ?"

"ಸೂರ್ಯ ಹುಟ್ಟೋ ಮುಂಚೆ. ಕತ್ತಲಲ್ಲೇ ಹೊರಡಬೇಕು."

ತಮ್ಮ ಬೀದಿಯ ತಿರುವಿಗೆ ಬಂದಾಗ, ಪಕ್ಕದ ಮನೆಯ ಸುಂದರಮ್ಮ ಜಗಲಿಯಲ್ಲಿ ಕೂತು ಬಾಳೆನಾರಿನಲ್ಲಿ ಮಲ್ಲಿಗೆ ಮೊಗ್ಗು ಕಟ್ಟುತ್ತಿದ್ದರು. ಸುಗುಣ ಹೋಗಿ ಮೆಟ್ಟಿಲ ಮೇಲೆ ಕೂತಳು.

"ನಾಳೆ ಒಂದಿಷ್ಟು ಮೊಗ್ಗು ಸಿಗುತ್ತಾ ಸುಂದರಮ್ಮ? ಬಿಡಿ ಮೊಗ್ಗೇ ಕೊಡಿ. ನಾನೇ ಕಟ್ತೀನಿ," ಎಂದಳು.