ಇನ್ನೂರ ಹದಿನಾಲ್ಕು ಸಾಲುಗಳು

ಆಪರೇಷನ್ ವಾರ್ಡಿನಲ್ಲಿ ಹದಿನೆಂಟು ವರ್ಷ ದುಡಿದ ಮೇಲೆ ಆ ನರ್ಸಿಗೆ ಮತ್ತೆ ಓದುವ ಮನಸ್ಸಾಯಿತು. ನಲವತ್ತೊಂದನೇ ವಯಸ್ಸಿನಲ್ಲಿ ಕಾಲೇಜು ಸೇರಿದಳು. ಅವಳ ತಲೆಯಲ್ಲಿ ಬಹಳ ದಿನದಿಂದ ಒಂದೇ ಹುಳ ಕೊರೆಯುತ್ತಿತ್ತು. ಆಪರೇಷನ್ ಆದ ಸಂಜೆಯೇ ಕೈಹಿಡಿದು ನಾಲ್ಕು ಹೆಜ್ಜೆ ನಡೆಸಿದ ರೋಗಿಗಳು, ಮರುದಿನದವರೆಗೆ ಮಲಗಿದ್ದವರಿಗಿಂತ ಬೇಗ ಮನೆ ಸೇರುತ್ತಾರೆ ಎಂದು ಅವಳಿಗೆ ಅನ್ನಿಸುತ್ತಿತ್ತು. ಅದು ನಿಜವೋ, ತನ್ನ ಭ್ರಮೆಯೋ ಎಂದು ನೋಡಿಯೇ ಬಿಡೋಣವೆಂದು ಒಂದು ವರ್ಷ ಪಟ್ಟುಹಿಡಿದು ಇನ್ನೂರ ಹದಿನಾಲ್ಕು ರೋಗಿಗಳ ವಿವರ ಕೂಡಿಹಾಕಿದಳು.

ಶುಕ್ರವಾರ ಸಂಜೆ ಐದಕ್ಕೆ ಕಾಲೇಜಿನಲ್ಲಿ ಅವಳ ಅಧ್ಯಯನ ನೋಡಿಕೊಳ್ಳುತ್ತಿದ್ದ ಗೈಡ್ ಮೇಡಂಗೆ ಫಲಿತಾಂಶ ತೋರಿಸಬೇಕಿತ್ತು. ಅವತ್ತು ರಜೆ ಹಾಕಿ, ಬೆಳಗ್ಗೆ ಹತ್ತಕ್ಕೇ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತಳು. ವಿವರವೆಲ್ಲ ವರ್ಡ್ ಫೈಲಿನಲ್ಲಿತ್ತು. ಒಬ್ಬ ರೋಗಿಗೆ ಒಂದು ಸಾಲು: ವಯಸ್ಸು, ನಡೆಸಿದ್ದು ಯಾವಾಗ, ನೋವು ಹತ್ತರಲ್ಲಿ ಎಷ್ಟು, ಆಸ್ಪತ್ರೆಯಲ್ಲಿದ್ದ ದಿನಗಳು. ಎಲ್ಲವನ್ನೂ ಕಾಪಿ ಮಾಡಿ ಎಕ್ಸೆಲ್ಲಿಗೆ ತಂದು ಹಾಕಿದಳು. ಇನ್ನೂರ ಹದಿನಾಲ್ಕು ಸಾಲುಗಳೂ ಮೊದಲನೇ ಕಾಲಮ್ಮಿನೊಳಗೇ ಒತ್ತೊತ್ತಾಗಿ ತುಂಬಿಕೊಂಡವು. ಪಕ್ಕದ ಕಾಲಮ್ಮುಗಳು ಬೋಳು ಬೋಳು. ಮತ್ತೆ ಹಾಕಿದಳು. ಮತ್ತೆ ಅದೇ ಕತೆ.

ಅತ್ತೆ ಎದುರಿಗೆ ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದರು. ಮೂವತ್ತು ವರ್ಷ ಕಚೇರಿಯೊಂದರಲ್ಲಿ ಟೈಪಿಸ್ಟ್ ಆಗಿದ್ದವರು. ಕಂಪ್ಯೂಟರ್ ತಮ್ಮ ಕಾಲದ್ದಲ್ಲ ಎಂದು ಸಾಮಾನ್ಯವಾಗಿ ಅದರ ಗೊಡವೆಗೆ ಹೋಗುತ್ತಿರಲಿಲ್ಲ. ಸೊಸೆಯ ಮುಖ ಸಪ್ಪೆಯಾದದ್ದು ಕಂಡು ಎದ್ದು ಬಂದು, ಕನ್ನಡಕ ಏರಿಸಿ ಪರದೆ ನೋಡಿದರು.

"ಒಂದು ಅಂಕಿಗೂ ಇನ್ನೊಂದಕ್ಕೂ ಮಧ್ಯೆ ಏನು ಒತ್ತಿದೀಯ?"

"ಖಾಲಿ ಜಾಗ, ಅತ್ತೆ. ಸಾಲು ನೆಟ್ಟಗೆ ಕಾಣೋವರೆಗೂ ಒತ್ತಿದೆ."

"ಎಡವಟ್ಟು ಆಗಿರೋದೇ ಅಲ್ಲಿ. ಪಟ್ಟಿ ಹೊಡಿಯೋವಾಗ ನಾವು ಟ್ಯಾಬ್ ಒತ್ತತಾ ಇದ್ವಿ. ಖಾಲಿ ಜಾಗ ಕಣ್ಣಿಗೆ ಮಾತ್ರ. ಟ್ಯಾಬ್ ಒತ್ತಿದ್ರೇನೇ ಇಲ್ಲಿಗೆ ಒಂದು ಮನೆ ಮುಗೀತು ಅಂತ ಮಿಷನ್ನಿಗೆ ಗೊತ್ತಾಗೋದು."

ನರ್ಸ್ ದಡಬಡಿಸಿ ವರ್ಡ್ ಫೈಲಿಗೆ ಮರಳಿದಳು. ಎರಡು ಖಾಲಿ ಜಾಗ ಸಿಕ್ಕಲ್ಲೆಲ್ಲ ಒಂದು ಟ್ಯಾಬ್ ಇಡು ಎಂದು ವರ್ಡಿಗೆ ಹೇಳಿದಳು. ಎರಡೆರಡು ಟ್ಯಾಬ್ ಅಕ್ಕಪಕ್ಕ ಬಿದ್ದಲ್ಲಿ ಒಂದನ್ನು ತೆಗೆಸಿದಳು, ಇನ್ನು ಒಂದೂ ಸಿಗುವುದಿಲ್ಲ ಎನ್ನುವವರೆಗೂ ತೆಗೆಸಿದಳು. ಉಳಿದ ಒಂಟಿ ಜಾಗಗಳನ್ನೂ ಸಾಲುಗಳ ತುದಿಯನ್ನೂ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಆಮೇಲೆ ಕಾಪಿ ಮಾಡಿ ಎಕ್ಸೆಲ್ಲಿನಲ್ಲಿ ಹಾಕಿದ್ದೇ ತಡ, ವಯಸ್ಸು ವಯಸ್ಸಿನ ಕಡೆ, ದಿನ ದಿನದ ಕಡೆ ಹೋಗಿ ಕೂತವು. ಅವಳು ಕುರ್ಚಿಯಿಂದೆದ್ದು ಅತ್ತೆಯ ಭುಜ ಹಿಡಿದು ಅಲ್ಲಾಡಿಸಿಬಿಟ್ಟಳು. ಮೇಜಿನ ಮೇಲಿದ್ದ ಹುರುಳಿಕಾಯಿ ಅರ್ಧ ನೆಲದ ಪಾಲಾಯಿತು.

ಕಾಯಿ ಆರಿಸುತ್ತಲೇ ಅತ್ತೆ ಪರದೆಯತ್ತ ಬೆರಳು ಮಾಡಿ, ಈ ಮನುಷ್ಯನಿಗೆ ನೋವು ಮಾರ್ಚ್ ಎರಡನೇ ತಾರೀಖು ಅಂತಿದೆಯಲ್ಲ, ಇದೇನು ಕಾಯಿಲೆ ಎಂದು ಕೇಳಿದರು. ಎರಡೋ ಮೂರೋ ಎಂದು ರೋಗಿ ಅನುಮಾನಿಸಿದ್ದಲ್ಲಿ ಅವಳು ನಡುವೆ ಗೀಟು ಹಾಕಿ ಎರಡನ್ನೂ ಬರೆದಿದ್ದಳು, ಎಕ್ಸೆಲ್ ಅದನ್ನು ತಾರೀಖೆಂದುಕೊಂಡಿತ್ತು. ಅಂಥವು ಹದಿನೇಳಿದ್ದವು. ಇಬ್ಬರೂ ನಕ್ಕು ನಕ್ಕು ಸುಸ್ತಾದರು. ಹದಿನೇಳರಲ್ಲೂ ದೊಡ್ಡ ಅಂಕಿಯನ್ನೇ ಇಟ್ಟು, ಹಾಗೆ ಮಾಡಿದ್ದನ್ನು ಮರೆಯದೆ ಚೀಟಿಯಲ್ಲಿ ಬರೆದುಕೊಂಡಳು. ಅಂಕಿಗಳ ಹಿಂದೆ ಅಂಟಿಕೊಂಡಿದ್ದ "ದಿನ" ಎಂಬ ಪದವನ್ನೂ ತೆಗೆದಳು, ಅಕ್ಷರ ಸೇರಿದರೆ ಅಂಕಿ ಅಂಕಿಯಾಗಿ ಉಳಿಯುವುದಿಲ್ಲವಲ್ಲ. ಮೇಲಿನ ಸಾಲಿನಲ್ಲಿ ಪ್ರತಿ ಕಾಲಮ್ಮಿಗೂ ಒಂದೊಂದು ಚುಟುಕು ಹೆಸರು ಕೊಟ್ಟಳು.

ಮೂರು ಗಂಟೆಗೆ ಫೈಲನ್ನು ಕಾಲೇಜಿನವರು ಕೊಟ್ಟಿದ್ದ ಅಂಕಿಅಂಶದ ಸಾಫ್ಟ್‌ವೇರಿನಲ್ಲಿ ತೆರೆದಳು. ತುಟಿಪಿಟಕ್ಕೆನ್ನದೆ ತೆರೆದುಕೊಂಡಿತು. ಎರಡು ಗುಂಪುಗಳ ಸರಾಸರಿ ಕೇಳಿದಳು. ಮರುದಿನ ನಡೆದವರು ಆಸ್ಪತ್ರೆಯಲ್ಲಿದ್ದದ್ದು ಐದೂವರೆ ದಿನದ ಮೇಲೆ ಚೂರು. ಅದೇ ಸಂಜೆ ನಡೆದವರು ಎಂಟೂಮುಕ್ಕಾಲು ದಿನ.

ಎಲ್ಲ ತಲೆಕೆಳಗಾಗಿತ್ತು. ಒಂದು ವರ್ಷದ ನಂಬಿಕೆ, ಅದಕ್ಕೂ ಮೊದಲಿನ ಹದಿನೆಂಟು ವರ್ಷದ ಅನುಭವ. ತಾನು ರೋಗಿಗಳಿಗೆ ಒಳ್ಳೆಯದು ಮಾಡುತ್ತೇನೆಂದುಕೊಂಡು ಕೆಟ್ಟದ್ದು ಮಾಡಿದೆನೇ ಎಂದು ಅವಳಿಗೆ ದಿಗಿಲಾಯಿತು. ಅತ್ತೆ ನೀರು ತಂದಿಟ್ಟರು. ನೀರು ಕುಡಿಯುತ್ತಲೇ ಅವಳ ಕಣ್ಣು ಸರಾಸರಿಯ ಪಕ್ಕದ ಅಂಕಿಯ ಮೇಲೆ ಬಿತ್ತು. ಅತಿ ಹೆಚ್ಚು ಎಂಬಲ್ಲಿ ತೊಂಬತ್ತೊಂಬತ್ತು ಎಂದಿತ್ತು.

"ತೊಂಬತ್ತೊಂಬತ್ತು ದಿನ ನಮ್ಮ ವಾರ್ಡಲ್ಲಿ ಯಾರೂ ಮಲಗಿಲ್ಲ," ಎಂದಳು. "ಒಬ್ಬರೂ ಇಲ್ಲ ಅತ್ತೆ. ನಂಗೆ ಗೊತ್ತು."

ಆಗ ನೆನಪಾಯಿತು. ಅವಳು ಒಂದು ವಾರ ರಜೆಯಲ್ಲಿದ್ದಾಗ ಐದು ಮಂದಿ ಮನೆಗೆ ಹೋಗಿದ್ದರು. ಐವರೂ ಸಂಜೆ ನಡೆದವರೇ. ಹೋದ ದಿನ ಗೊತ್ತಿಲ್ಲದ್ದಕ್ಕೆ ಗುರುತಿಗೆಂದು ತೊಂಬತ್ತೊಂಬತ್ತು ಹಾಕಿದ್ದಳು. ಸಾಫ್ಟ್‌ವೇರಿಗೆ ಏನು ಗೊತ್ತು, ಅದು ನಿಜವೆಂದೇ ಕೂಡಿತ್ತು. ಆ ಅಂಕಿಯನ್ನು ಗೊತ್ತಿಲ್ಲದ್ದೆಂದು ಎಣಿಸು ಎಂದು ಹೇಳಿ ಮತ್ತೆ ಕೇಳಿದಳು. ಸಂಜೆ ನಡೆದವರದು ಈಗ ನಾಲ್ಕು ಪಾಯಿಂಟ್ ಎರಡು ದಿನ. ಈ ವ್ಯತ್ಯಾಸ ಸುಮ್ಮನೆ ಆಕಸ್ಮಿಕವಾಗಿ ಬರುವಂಥದ್ದಲ್ಲ ಎಂದೂ ಕೆಳಗಿನ ಸಾಲು ತೋರಿಸುತ್ತಿತ್ತು.

ಪಟ್ಟಿಯನ್ನು ವರ್ಡ್ ಫೈಲಿಗೆ ತಂದು ಅಂಟಿಸಿ, ಪ್ರಿಂಟ್ ತೆಗೆಸಿಕೊಂಡು, ಐದಕ್ಕೆ ಮೂರು ನಿಮಿಷವಿದ್ದಾಗ ಗೈಡ್ ಮೇಡಂ ಕೋಣೆಗೆ ಓಡುತ್ತಾ ಹೋದಳು. ಮೇಡಂ ಮೊದಲು ಕೇಳಿದ್ದೇ ಪಟ್ಟಿಯಲ್ಲಿ ಲೆಕ್ಕಕ್ಕೆ ಸಿಗದ ಆ ಐವರ ಬಗ್ಗೆ. ಇವಳು ನಡೆದದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿದಳು. ಆಸ್ಪತ್ರೆಯ ರೆಕಾರ್ಡ್ ಕೋಣೆಯಲ್ಲಿ ಹುಡುಕಿ ಪಟ್ಟಿಯ ಆ ಐದು ಖಾಲಿ ಮನೆ ತುಂಬಿಸಿ ಎಂದು ಮೇಡಂ ಕಳಿಸಿದರು. ಸೋಮವಾರ ಐದೂ ಸಿಕ್ಕವು. ಸರಾಸರಿ ಜಗ್ಗಲಿಲ್ಲ. ಆ ತಿಂಗಳಿಂದಲೇ ವಾರ್ಡಿನಲ್ಲಿ, ಡಾಕ್ಟರು ಒಪ್ಪಿದ ರೋಗಿಗಳನ್ನೆಲ್ಲ ಸಂಜೆಯೇ ನಡೆಸುವುದೆಂದಾಯಿತು.

ಅಂಕಿಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವುದನ್ನು ಉಳಿದ ವಿದ್ಯಾರ್ಥಿಗಳಿಗೂ ತೋರಿಸಿಕೊಡಬೇಕೆಂದು ಮೇಡಂ ಕೇಳಿದಾಗ ನರ್ಸ್ ಒಂದೇ ಷರತ್ತು ಹಾಕಿದಳು. ಹೀಗಾಗಿ ಮುಂದಿನ ವಾರ ಕಾಲೇಜಿನ ಲ್ಯಾಬಿನಲ್ಲಿ, ಇಪ್ಪತ್ತೆರಡು ಹುಡುಗ ಹುಡುಗಿಯರ ಎದುರು, ಅತ್ತೆ ಕನ್ನಡಕ ಒರೆಸಿಕೊಳ್ಳುತ್ತಾ ನಿಂತಿದ್ದರು. ಬೆಳಗ್ಗೆಯಿಂದ ನಾಲ್ಕು ಸಲ ಬರುವುದಿಲ್ಲ ಎಂದಿದ್ದವರು, ಮಾತು ಶುರು ಮಾಡಿದ ಮೇಲೆ ಗಂಟೆ ಹೊಡೆದರೂ ನಿಲ್ಲಿಸಲಿಲ್ಲ.