ಬಾಡಿಯೋ ಲೆನ್ಸೋ

"ಲೆನ್ಸೇ ಸರಿ ಅನ್ಸತ್ತೆ," ಎಂದ ಡೆಸ್ಮಂಡ್. ಹತ್ತು ನಿಮಿಷದ ಹಿಂದೆ ಕ್ಯಾಮೆರಾ ಬಾಡಿಯೇ ಸರಿ ಎಂದಿದ್ದ.

ಅವನ ಹೆಂಡತಿ ನೊರೀನ್ ಕೈಚೀಲವನ್ನು ಕೌಂಟರಿನ ಮೇಲೆ ದೊಪ್ಪನೆ ಇಟ್ಟಳು. ಹೋಬಾರ್ಟ್ ಪಟ್ಟಣದ ಈ ಕ್ಯಾಮೆರಾ ಅಂಗಡಿಗೆ ಅವರು ಬರುತ್ತಿರುವುದು ಇದು ಮೂರನೆಯ ಗುರುವಾರ. ಪ್ರತಿ ಸಲವೂ ಬ್ರೂನಿ ದ್ವೀಪದಿಂದ ಫೆರಿ ಹಿಡಿಯಬೇಕು, ಬರಿಗೈಯಲ್ಲಿ ಮರಳಬೇಕು. ದೋಣಿ ಮಾರಿ ಬಂದ ಎರಡು ಸಾವಿರದ ಮುನ್ನೂರು ಡಾಲರಿಗೆ ಬರುವುದು ಒಂದೇ: ಹೊಸ ಬಾಡಿ, ಇಲ್ಲವೇ ಉದ್ದನೆಯ ಲೆನ್ಸ್.

"ನನ್ನನ್ನ ಮದುವೆ ಆಗೋವಾಗ ಇಷ್ಟು ಯೋಚನೆ ಮಾಡಿದ್ಯಾ?"

"ಆಗ ನಿಮ್ಮಪ್ಪ ಪಕ್ಕದಲ್ಲೇ ನಿಂತಿದ್ರು," ಎಂದ ತಲೆಯೆತ್ತದೆ.

ನಲವತ್ತು ವರ್ಷ ಹಕ್ಕಿಗಳ ಹಿಂದೆ ಅಲೆದವನು ಅವನು. ದ್ವೀಪದ ಶಾಲೆಯ ಗೋಡೆಯ ತುಂಬ ಅವನ ಚಿತ್ರಗಳೇ. ಆದರೆ ಆರು ತಿಂಗಳಿಂದ ತೆಗೆದದ್ದೆಲ್ಲ ಮಸುಕು. ಬಾಡಿ ಹಳೆಯದಾಯಿತು ಎಂದು ಒಂದು ವಾರ, ಲೆನ್ಸಿಗೆ ಬೂಷ್ಟು ಹಿಡಿದಿದೆ ಎಂದು ಇನ್ನೊಂದು ವಾರ. ಊಟಕ್ಕೆ ಕೂತರೂ ಅದೇ ರಾಗ ಕೇಳಿ ಕೇಳಿ ನೊರೀನಳ ತಲೆ ಚಿಟ್ಟುಹಿಡಿದಿತ್ತು.

"ಹಳೇದು ಕೊಡಿ, ಯಾವುದು ಕೆಟ್ಟಿದೆ ನೋಡ್ಬಿಡ್ತೀನಿ," ಎಂದಳು ಅಂಗಡಿಯ ಹುಡುಗಿ ಟ್ಯಾಮ್ಸಿನ್. ಬಾಗಿಲಲ್ಲಿ ನಿಂತು ಎದುರು ಕಟ್ಟಡದ ಮಾಡಿನ ಮೇಲಿದ್ದ ಕಡಲ ಹಕ್ಕಿಯನ್ನು ನಾಲ್ಕು ಸಲ ಕ್ಲಿಕ್ಕಿಸಿದಳು. ಕಂಪ್ಯೂಟರಿನಲ್ಲಿ ಒಂದೊಂದು ಗರಿಯೂ ಬೇರೆಬೇರೆಯಾಗಿ ಕಂಡಿತು, ಕಣ್ಣಿನ ಸುತ್ತಲಿನ ಕೆಂಪು ಗೆರೆ ಕೂಡ.

"ಎರಡೂ ಚೆನ್ನಾಗೇ ಇದೆಯಲ್ಲ," ಎಂದವಳು ಅವನ ಮುಖ ನೋಡಿದಳು.

ಡೆಸ್ಮಂಡ್ ಬಲಗೈಯನ್ನು ಮೆಲ್ಲನೆ ಜೇಬಿಗೆ ಸೇರಿಸಿದ. ಈ ಚಳಿಗಾಲದಲ್ಲಿ ಅವನು ಒಮ್ಮೆಯೂ ಚಹಾ ಬಗ್ಗಿಸಿಕೊಟ್ಟಿರಲಿಲ್ಲ. ಸೋಮಾರಿ ಎಂದು ನೊರೀನ್ ದಿನವೂ ಬೈದಿದ್ದಳು.

"ಮೂರು ವಾರ ಕುಣಿಸಿದ್ಯಲ್ಲೋ. ಕೈ ನಡುಗತ್ತೆ ಅಂತ ಒಂದು ಮಾತು ಹೇಳಕ್ಕಾಗ್ಲಿಲ್ವಾ?"

"ಹೇಳಿದ್ರೆ ಡಾಕ್ಟರ ಹತ್ರ ಎಳ್ಕೊಂಡು ಹೋಗ್ತಿದ್ದೆ."

"ನಾಳೆ ಹೋಗ್ತೀವಿ." ಅವಳು ಟ್ಯಾಮ್ಸಿನ್ ಕಡೆ ತಿರುಗಿದಳು. "ಕೈ ಅಲುಗಿದ್ರೂ ಚಿತ್ರ ಅಲುಗದ ಲೆನ್ಸ್ ಬರತ್ತಂತಲ್ಲ?"

"ಬರತ್ತೆ. ಆದ್ರೆ ತಡೆಯೋದು ಸ್ವಲ್ಪ ಮಟ್ಟಿಗೆ ಅಷ್ಟೆ."

"ಅಷ್ಟೇ ಸಾಕು, ಕೊಡು."

ಮರಳುವ ಫೆರಿಯಲ್ಲಿ ಗಾಳಿ ಚುರುಕಾಗಿತ್ತು. ನೀರಿನ ಮೇಲೆ ಕಪ್ಪು ಹಂಸಗಳು ಸಾಲಾಗಿ ಹೊರಟಿದ್ದವು. ಡೆಸ್ಮಂಡ್ ಹೊಸ ಲೆನ್ಸನ್ನು ಎತ್ತಿದ, ಇಳಿಸಿದ, ಮತ್ತೆ ಎತ್ತಿದ.

ನೊರೀನ್ ಗೊಣಗುತ್ತ ಎದ್ದು ಬಂದು ಅವನಿಗೆ ಬೆನ್ನು ಮಾಡಿ ನಿಂತಳು. "ಬೇಗ ತೆಗಿ, ಚಳಿ."

ಭಾರವಾದ ಲೆನ್ಸ್ ಅವಳ ಹೆಗಲ ಮೇಲೆ ಕೂತಿತು. ಅವನ ಕೈಯ ನಡುಕ ಕೋಟನ್ನು ದಾಟಿ ಅವಳಿಗೆ ತಾಗಿತು. ಅವಳು ಉಸಿರು ಬಿಗಿಹಿಡಿದು, ಅಲುಗದೆ ನಿಂತಳು.